ಕಲ್ಲು ಎಂಬ ಮಾತು

ಚಿತ್ರದುರ್ಗವನ್ನು ಕಲ್ಲಿನ ಕೋಟೆ ಎಂದು ಕರೆಯುವುದು ನಮ್ಮವರಿಗೆಲ್ಲ ಹೆಮ್ಮೆಯ ರೂಢಿ. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಯನ್ನು ತಡೆದು 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ಕಟ್ಟೆಯೂ ಕಲ್ಲಿನದೇ. ಒರಳುಕಲ್ಲು, ಬೀಸುವ ಕಲ್ಲು, ವೀರಗಲ್ಲುಗಳ ನಡುವೆ ಬೆಳೆದ ನಮಗೆ ಈ ಮಾತಿಗೆ ಬೇರೊಂದು ಅರ್ಥವಿದ್ದೀತೆಂಬ ಶಂಕೆಯೇ ಬಾರದು.

ತಮಿಳರಿಗೂ ‘ಕಲ್’ ಎಂದರೆ ಶಿಲೆಯೇ. ಆದರೆ ವಿದ್ಯೆ ಕಲಿ ಎನ್ನುವುದಕ್ಕೂ ಅವರದು ಅದೇ ಮಾತು. ಹಿಂದಿ, ಉರ್ದುಗಳಲ್ಲಿ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ಹೊಳಲ್ಕೆರೆ, ಹೊಸದುರ್ಗದ ಸಂತೆಗಳಲ್ಲಿ ಉರ್ದು ಆಡುವ ವ್ಯಾಪಾರಿ ‘ಕಲ್’ ಎಂದರೆ, ಹಣ ಕೊಟ್ಟದ್ದೋ ಕೊಡಬೇಕಾದದ್ದೋ ಎಂದು ತಿಳಿಯಲು ಕ್ರಿಯಾಪದ ಬರುವವರೆಗೂ ಉಸಿರು ಬಿಗಿಹಿಡಿದು ಕಾಯಬೇಕು!

ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯನ್ನು ದಾಟಿದರೆ ಆಂಧ್ರದ ಗಡಿ. ತೆಲುಗಿನಲ್ಲಿ ಶಿಲೆಗೆ ‘ರಾಯಿ’ ಎನ್ನುತ್ತಾರೆ. ‘ಕಲ್ಲು’ ಎಂದರೆ ಅವರಿಗೆ ಈಚಲು, ತಾಳೆಗಳಿಂದ ಇಳಿಸಿದ ಹೆಂಡ. ನಮ್ಮ ಹಿರಿಯರು ಅದನ್ನು ‘ಕಳ್ಳು’ ಎಂದು ಳಕಾರದಿಂದ ಬೇರೆಯಾಗಿಸಿದ್ದರು. ಶರಣ ಮಾರಯ್ಯನವರ ಕಾಯಕಕ್ಕೆ ಮಾತ್ರ ಹೆಂಡವೆಂದೇ ಹೆಸರು ನಿಂತಿತು.

ಹೆಂಡದ ಗೊಂದಲ ನಗೆಯಲ್ಲಿ ಮುಗಿಯುತ್ತದೆ. ಇನ್ನೊಂದು ಹಾಗಲ್ಲ. ತೆಲುಗಿನಲ್ಲಿ ಕಣ್ಣಿಗೆ ‘ಕನ್ನು’. ಎರಡು ಕಣ್ಣುಗಳಾದರೆ ‘ಕಳ್ಳು’. ದೀರ್ಘ ಕೊಟ್ಟು ‘ಕಾಳ್ಳು’ ಎಂದರೆ ಕಾಲುಗಳು. ಗಡಿಯಾಚೆಯಿಂದ ಸೊಸೆ ತರುವ, ಅತ್ತ ಮಗಳನ್ನು ಕೊಡುವ ಮನೆತನಗಳು ನಮ್ಮಲ್ಲಿ ಉಂಟು. ಆ ಕಡೆಯಲ್ಲಿ ಕನ್ನಡ ಬಲ್ಲವರು ಬಹಳ ಮಂದಿ; ಆದರೂ ನೋವು ಬಂದಾಗ ಬಾಯಿಗೆ ಬರುವುದು ತೌರಿನ ಮಾತು. ಹೊಸ ಸೊಸೆ ‘ಕಳ್ಳು ನೊಪ್ಪಿ’ ಎಂದರೆ, ಅತ್ತೆಯವರು ಮೂತ್ರಪಿಂಡದ ಕಲ್ಲೆಂದು ಬಗೆದು ಬಾರ್ಲಿ ನೀರು ಕುಡಿಸಿಯಾರು. ನೆರೆಮನೆಯವರು ಆಕೆಯ ಮಾತನ್ನು ಅಣಕಿಸಿ ನಗಲೂಬಹುದು. ಒಮ್ಮೆ ನಕ್ಕರೆ ಆ ಹುಡುಗಿ ಮತ್ತೊಮ್ಮೆ ಬಾಯಿ ತೆರೆಯಳು. ಆಕೆ ಬಸುರಿಯಾಗಿದ್ದರೆ ಈ ಮೌನ ಅಪಾಯಕ್ಕೇ ಎಡೆಮಾಡೀತು. ಬಸುರಿಯರಿಗೆ ಕಣ್ಣು ಮಂಜಾಗುವುದು, ಬಿಡದೆ ತಲೆ ನೋಯುವುದು ರಕ್ತದೊತ್ತಡ ಏರಿದುದರ ಗುರುತಾಗಿರಬಹುದು. ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ನಾಳೆ ನೋಡೋಣ ಎನ್ನುವಂತಿಲ್ಲ.

ಆದುದರಿಂದ ಅಂತಹ ಮನೆಗಳ ಹಿರಿಯ ತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಸೊಸೆ ಕನ್ನಡ ಕಲಿಯುವವರೆಗೆ ತಾವೇ ನಾಲ್ಕು ತೆಲುಗು ಮಾತು ಕಲಿತುಕೊಳ್ಳಿ. ತಲೆಗೆ ‘ತಲ’, ಹೊಟ್ಟೆಗೆ ‘ಕಡುಪು’, ಜ್ವರಕ್ಕೆ ‘ಜ್ವರಂ’, ನೋವಿಗೆ ‘ನೊಪ್ಪಿ’. ಅಷ್ಟೂ ನೆನಪಿಗೆ ಬಾರದಿದ್ದರೆ, “ಎಲ್ಲಿ ನೋವಮ್ಮ, ಕೈಯಿಟ್ಟು ತೋರಿಸು” ಎಂದು ಕೇಳಿ.