ಅಣಕು ಕಕ್ಷಿದಾರರು ಬೇಕಾಗಿದ್ದಾರೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಉಂಡು, ಮಲಗಿ, ಎದ್ದ ಮೇಲೂ ಮುಗಿಯದ ಜಗಳ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಅದು ಮೊದಲು ಊರ ಹಿರಿಯರ ಮುಂದೆ ಹೋಗುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಪೊಲೀಸ್ ಠಾಣೆಗೆ. ಕೊನೆಗೆ ವಕೀಲರ ಕಚೇರಿಗೆ. ಸೀನಿಯರ್ ವಕೀಲರು ಕೋರ್ಟಿನಲ್ಲಿದ್ದರೆ, ಬಂದವಳ ಕಥೆ ಕೇಳುವ ಭಾರ ಕರಿಕೋಟು ಹೊಲಿಸಿ ಆರು ತಿಂಗಳೂ ಆಗದ ಜೂನಿಯರ್ ಮೇಲೆ ಬೀಳುತ್ತದೆ.

ಆ ಜೂನಿಯರ್‌ಗೆ 1955ರ ಹಿಂದೂ ವಿವಾಹ ಕಾಯಿದೆಯ ಕಲಮುಗಳು ಗೊತ್ತು. ಆದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವ ಹೆಂಗಸಿಗೆ ಮೊದಲ ಪ್ರಶ್ನೆ ಯಾವುದನ್ನು ಕೇಳಬೇಕು? ಅವಳ ಬದಲು ತಾನೇ ಉತ್ತರ ಕೊಡುತ್ತಿರುವ ಅಣ್ಣನಿಗೆ ಬೇಸರವಾಗದಂತೆ ಅವನನ್ನು ಹೊರಗೆ ಹೇಗೆ ಕೂರಿಸಬೇಕು? ಇದನ್ನು ಯಾರು ಕಲಿಸಿದರು?

ನಾನು ವಿಜ್ಞಾನದ ಮೇಷ್ಟ್ರು, ಕಾನೂನು ನನ್ನ ವಿಷಯವಲ್ಲ. ಆದರೆ ಪ್ರಾಕ್ಟಿಕಲ್ ಇಲ್ಲದ ಪಾಠದ ಗತಿ ಏನೆಂದು ಬಲ್ಲೆ. ಪಿಪೆಟ್ಟಿನ ಚಿತ್ರ ಬರೆದು ಹತ್ತಕ್ಕೆ ಹತ್ತು ತೆಗೆದ ಹುಡುಗ, ಪಿಪೆಟ್ಟು ಕೈಗೆ ಕೊಟ್ಟರೆ ದ್ರಾವಣವನ್ನು ಬಾಯಿಗೇ ಎಳೆದುಕೊಳ್ಳುತ್ತಾನೆ. ಲ್ಯಾಬಿನಲ್ಲಾದರೆ ಬಾಯಿ ಮುಕ್ಕಳಿಸಿದರಾಯಿತು. ವಕೀಲರ ಕಚೇರಿಯಲ್ಲಿ ತಪ್ಪು ಹುಡುಗನದು, ಬಾಯಿ ಕಹಿಯಾಗುವುದು ಆ ಹೆಣ್ಣುಮಗಳದು.

ಕಾನೂನು ಪಂಡಿತರಿಗೆ ಇದು ತಿಳಿಯದೆಂದಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿ ಬೆಳೆಸಿದ ಎನ್.ಆರ್. ಮಾಧವ ಮೆನನ್ ಅವರು ಪ್ರಾಯೋಗಿಕ ಕಾನೂನು ಶಿಕ್ಷಣಕ್ಕಾಗಿ ದುಡಿದವರು. 1997ರಲ್ಲಿ ಭಾರತೀಯ ವಕೀಲರ ಪರಿಷತ್ತು ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಕಡ್ಡಾಯ ಮಾಡಿತು. 2008ರ ನಿಯಮಗಳಲ್ಲೂ ಅವು ಉಳಿದವು. ಅವುಗಳಲ್ಲೊಂದು ಅಣಕು ನ್ಯಾಯಾಲಯದ್ದು, 100 ಅಂಕದ್ದು. ವಾದ ಮಾಡುವುದಕ್ಕೆ 30 ಅಂಕ. ಕಕ್ಷಿದಾರರನ್ನು ಮಾತನಾಡಿಸುವ ಕ್ರಮಕ್ಕೆ 15 ಅಂಕ. ಅದಕ್ಕೆ ವಿದ್ಯಾರ್ಥಿ ವಕೀಲರ ಕಚೇರಿಯಲ್ಲೋ ಕಾನೂನು ನೆರವು ಕಚೇರಿಯಲ್ಲೋ ಎರಡು ಸಲ ಕುಳಿತು, ನೋಡಿದ್ದನ್ನು ಡೈರಿಯಲ್ಲಿ ಬರೆಯಬೇಕು.

ಈಜುವುದನ್ನು ದಡದಲ್ಲಿ ಕುಳಿತು ನೋಡಿದರೆ ಈಜು ಬಂದೀತೆ? ಮೇಲಾಗಿ ಇದು ಸಂಸಾರದ ಗುಟ್ಟು. 1984ರ ಕುಟುಂಬ ನ್ಯಾಯಾಲಯ ಕಾಯಿದೆಯಲ್ಲೇ, ಗಂಡ ಹೆಂಡಿರಲ್ಲಿ ಒಬ್ಬರು ಬಯಸಿದರೂ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕೆಂದಿದೆ. ಮೂಲೆಯಲ್ಲಿ ಅಪರಿಚಿತ ಹುಡುಗನೊಬ್ಬ ನೋಟ್‌ಬುಕ್ ಹಿಡಿದು ಕುಳಿತಿರುವಾಗ ಯಾವ ಹೆಂಗಸು ಬಾಯಿ ಬಿಟ್ಟಾಳು?

ಇದಕ್ಕೆ ಉಪಾಯ ಹುಡುಕಿದವರು ವೈದ್ಯರು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ 1963ರಲ್ಲಿ, ರೋಗವಿಲ್ಲದವರಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಮುಂದೆ ಕಾನೂನಿನವರೂ ಅದನ್ನು ಎತ್ತಿಕೊಂಡರು. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಕಕ್ಷಿದಾರರನ್ನಾಗಿ ಮಾಡಿದರು. ಮಾತುಕತೆ ಮುಗಿದ ಮೇಲೆ ಅಂಕ ಹಾಕುವವರೂ ಅವರೇ! ಆ ಅಂಕಗಳು ಅಧ್ಯಾಪಕರು ಕೊಟ್ಟ ಅಂಕಗಳಿಗೆ ಹೊಂದುತ್ತವೆಂದು 2006ರಲ್ಲಿ ಪ್ರಕಟವಾದ ವರದಿ ತೋರಿಸಿತು.

ನಮ್ಮ ಕಡೆಗೆ ಹೊಂದುವ ಒಂದು ಅಣಕು ಕೇಸನ್ನು ಕಟ್ಟಿ ನೋಡೋಣ. ಕೊರಟಗೆರೆ ತಾಲ್ಲೂಕಿನ ಹೆಣ್ಣು. ಪಾವಗಡದ ತಿರುಮಣಿ ಕಡೆಗೆ ಕೊಟ್ಟಿದೆ. ಎರಡು ವರ್ಷದಿಂದ ಮಗಳೊಂದಿಗೆ ತವರಿನಲ್ಲಿದ್ದಾಳೆ. ಅಣ್ಣ ಜೊತೆಗೆ ಬಂದಿದ್ದಾನೆ. ಪಾತ್ರಧಾರಿಗೆ ಒಂದು ಚೀಟಿ ಕೊಡುತ್ತೇವೆ. ಅದರಲ್ಲಿ ಮೂರು ಭಾಗ.

ಮೊದಲನೆಯದು, ಕೇಳದೆಯೇ ಹೇಳುವುದು: "ಮಳೆಯಿಲ್ಲ, ಬೆಳೆಯಿಲ್ಲ, ಎಲ್ಲಿಂದ ಕೊಡಲಿ ಅಂತಾರೆ ಸಾರ್." ಎರಡನೆಯದು, ಕೇಳಿದರೆ ಮಾತ್ರ ಹೇಳುವುದು: ಗಂಡನ ಆರು ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಮೂರನೆಯದು, ಅಣ್ಣ ಹೊರಗೆ ಹೋಗಿ, ಮೆಲ್ಲಗೆ ಕೇಳಿದರೆ ಮಾತ್ರ ಹೇಳುವುದು: ಗಂಡ ಹೊಡೆಯುತ್ತಿದ್ದ. ಆದರೂ ವಿಚ್ಛೇದನ ಬೇಕೆನ್ನುವವನು ಅಣ್ಣ. ಅವಳಿಗೆ ಬೇಕಾದದ್ದು ಮಗಳ ಓದಿಗೆ ದುಡ್ಡು, ಏಟಿಲ್ಲದ ಬದುಕು.

ಮೊದಲ ಭಾಗಕ್ಕೇ ತೃಪ್ತನಾದ ವಿದ್ಯಾರ್ಥಿ "ಗಂಡನಿಗೆ ಆದಾಯವಿಲ್ಲ" ಎಂದು ಬರೆದುಕೊಳ್ಳುತ್ತಾನೆ. ಎರಡನೆಯದನ್ನು ಕೆದಕಿದವನು ಲೆಕ್ಕ ಹಾಕುತ್ತಾನೆ. ಸೋಲಾರ್ ಪಾರ್ಕಿನ ಗುತ್ತಿಗೆ ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಆರು ಎಕರೆಗೆ ಆರಂಭದ ದರದಲ್ಲೇ 1,26,000. ಮಳೆ ಬರಲಿ ಬಿಡಲಿ, ಆ ಹಣ ಬರುತ್ತದೆ! ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಹೇಳಿದೆ. ಆದರೆ ಗಂಡ ಅದರಲ್ಲಿ ಏನನ್ನು ಬಚ್ಚಿಟ್ಟಿದ್ದಾನೆಂದು ತಿಳಿಯಬೇಕಾದರೆ ಹೆಂಡತಿಯನ್ನು ಸರಿಯಾಗಿ ಕೇಳಿರಬೇಕಲ್ಲ?

ಮೂರನೆಯದನ್ನು ಮುಟ್ಟದವನಂತೂ ಅಣ್ಣ ಹೇಳಿದಂತೆ ವಿಚ್ಛೇದನದ ಅರ್ಜಿಯನ್ನೇ ಬರೆದುಬಿಡುತ್ತಾನೆ. ಮುಟ್ಟಿದವನಿಗೆ ಬೇರೆ ದಾರಿಗಳು ಕಾಣುತ್ತವೆ. ಜೀವನಾಂಶಕ್ಕೆ ಹಳೆಯ 125ನೇ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿದೆ. ಏಟಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಿದೆ. ಅರ್ಜಿ ಹಾಕಲು ಪಾವಗಡಕ್ಕೇ ಅಲೆಯಬೇಕಿಲ್ಲ, ತಾನಿರುವ ಕಡೆಯೇ ಹಾಕಬಹುದು. 1987ರ ಕಾಯಿದೆಯಂತೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವೂ ಉಂಟು. ಇವೆಲ್ಲ ಪುಸ್ತಕದಲ್ಲಿವೆ, ನಿಜ. ಯಾವ ಪುಟ ತೆರೆಯಬೇಕೆಂದು ಹೇಳುವವಳು ಎದುರಿಗೆ ಕುಳಿತ ಹೆಂಗಸು.

ಅಣಕು ಕಕ್ಷಿದಾರಳಿಂದ ಇನ್ನೊಂದು ಲಾಭವಿದೆ. ವಿಜ್ಞಾನದಲ್ಲಿ ಪ್ರಯೋಗ ಮಾಡುವಾಗ ಒಂದನ್ನು ಬದಲಿಸಿ ಉಳಿದದ್ದನ್ನೆಲ್ಲ ಹಾಗೆಯೇ ಇಡುತ್ತೇವೆ. ಇಲ್ಲೂ ಹಾಗೆಯೇ. ಅದೇ ಹೆಂಗಸು, ಅದೇ ಕಥೆ, ಮೂವತ್ತು ವಿದ್ಯಾರ್ಥಿಗಳು. ಯಾರು ಎಷ್ಟು ಹೊರತೆಗೆದರು ಎಂಬುದು ಅಳೆಯಲು ಸಿಗುತ್ತದೆ. ಕೊನೆಗೆ ಆಕೆಯೇ "ನೀವು ನನ್ನ ಮುಖ ನೋಡಲೇ ಇಲ್ಲ, ಬರೀ ಬರೆದುಕೊಳ್ಳುತ್ತಿದ್ದಿರಿ" ಎನ್ನಬಹುದು. ನಿಜವಾದ ಕಕ್ಷಿದಾರಳು ಹಾಗೆನ್ನುವುದಿಲ್ಲ. ಕೈಮುಗಿದು ಎದ್ದು ಹೋಗುತ್ತಾಳೆ.

ಒಂದು ಎಚ್ಚರಿಕೆ ಬೇಕು. ಇಂಥ ನೋವನ್ನು ಸ್ವತಃ ಉಂಡವರಿಗೆ ಇದೇ ಪಾತ್ರ ಕೊಡಬಾರದು. ಇದು ಕಣ್ಣೀರು ಹರಿಸುವ ನಾಟಕವಲ್ಲ. ಚೀಟಿಯಲ್ಲಿ ಇದ್ದಷ್ಟೇ ಮಾತು.

ತುಮಕೂರಿನಲ್ಲಿ ವಿದ್ಯೋದಯ, ಸುಫಿಯಾ ಕಾನೂನು ಕಾಲೇಜುಗಳಿವೆ. ಇಂಥ ಒಂದು ಅಭ್ಯಾಸಕ್ಕೆ ಕಟ್ಟಡ ಬೇಡ, ಉಪಕರಣ ಬೇಡ. ಎರಡು ಕುರ್ಚಿ, ಒಂದು ಮೇಜು, ಒಂದು ಗಡಿಯಾರ ಸಾಕು. ಪಾತ್ರಧಾರಿಗಳಿಗಂತೂ ಬರವಿಲ್ಲ. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ಇದು, ಹಳ್ಳಿ ಹಳ್ಳಿಯಲ್ಲೂ ಬಣ್ಣ ಹಚ್ಚಿದವರಿದ್ದಾರೆ. ನಿವೃತ್ತ ಶಿಕ್ಷಕಿಯರು, ಅಂಗನವಾಡಿ ಕಾರ್ಯಕರ್ತೆಯರು ಮನಸ್ಸು ಮಾಡಿದರೆ ಇನ್ನೂ ಒಳ್ಳೆಯದು. ಇಂಥ ಮನೆಗಳ ಮಾತಿನ ಧಾಟಿ ಅವರಿಗೆ ಗೊತ್ತು. ಕಾಫಿ, ತಿಂಡಿ ಕೊಟ್ಟರಾಯಿತು. ಸರ್ಕಾರಿ ಬಸ್ಸಿನ ಚಾರ್ಜು ಹೆಂಗಸರಿಗೆ 2023ರಿಂದ ಹೇಗೂ ಇಲ್ಲವಲ್ಲ!