ಗುಡುಗುಡಿಯ ಹೊಗೆ, ವಖಾರದ ಧೂಳು

ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ರೂಮಿನ ಹುಡುಗ ಪರೀಕ್ಷೆ ಬಂತೆಂದರೆ ರಘು ದೀಕ್ಷಿತ್ ಹಾಡಿರುವ ‘ಗುಡುಗುಡಿಯಾ ಸೇದಿ ನೋಡೋ’ ಹಾಕಿಕೊಳ್ಳುತ್ತಾನೆ. ಯಾಕೋ ಎಂದರೆ, ‘ಅಣ್ಣಾ, ಕಷ್ಟಾ ಸುಟ್ಟು ಮ್ಯಾಲ ಬರೋ ಹಾಡ ಐತಿ ಅದು’ ಅನ್ನುತ್ತಾನೆ. ಇತ್ತ ವಿಚಾರ ಸಂಕಿರಣಗಳಲ್ಲಿ ಹಿರಿಯರದು ಬೇರೆಯೇ ದೂರು: ಗಿಟಾರು, ಡ್ರಮ್ಮು ಸೇರಿ ಶರೀಫರನ್ನು ಕೆಡಿಸಿದವು. ನನ್ನ ಜಗಳ ಇಬ್ಬರ ಜೊತೆಗೂ ಇದೆ, ಹುಡುಗನ ಜೊತೆ ಸ್ವಲ್ಪ ಹೆಚ್ಚು.

ಹಿರಿಯರ ದೂರಿಗೆ ಬಹಳ ಹೊತ್ತು ಬೇಡ. ಸಿ. ಅಶ್ವಥ್ ಹಾಡಿದಾಗಲೂ, 1990ರಲ್ಲಿ ನಾಗಾಭರಣ ಸಿನಿಮಾ ಮಾಡಿದಾಗಲೂ ಬರೀ ಏಕತಾರಿ ಇರಲಿಲ್ಲ. 2008ರ ಆಲ್ಬಮ್ಮಿನ ಮೇಲೆ ಮಾತ್ರ ಯಾಕೆ ಸಿಟ್ಟು? ತತ್ವಪದ ಭಜನೆಯಲ್ಲಿ ಬೆಳೆದದ್ದು. ಒಬ್ಬ ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಾರೆ. ರಾಕ್ ಕಛೇರಿಯಲ್ಲಿ ಇಡೀ ಮೈದಾನವೇ ಹಿಡಿಯುತ್ತದೆ.

ಕೆಟ್ಟಿರುವುದು ನಮ್ಮ ಕಿವಿ. ಶರೀಫರಲ್ಲಿ (1819–1889) ಗುಡುಗುಡಿ ಎಂದರೆ ದೇಹ, ಮನಸ್ಸು. ಸುಡಬೇಕಾದದ್ದು ಮೋಹ, ‘ನಾನು’ ಎಂಬುದು. ನಾವೋ ಅದೇ ಹಾಡು ಕೇಳಿ ‘ನಾನು’ ಬೆಳೆಸಿಕೊಳ್ಳುತ್ತಿದ್ದೇವೆ.

ನಾನು ನಿಪ್ಪಾಣಿ ಪಕ್ಕದ ಅಕ್ಕೋಳದವನು. ನಮ್ಮ ಕಡೆ ತಂಬಾಕು ರೂಪಕವಲ್ಲ. ಆಯಿ ವರ್ಷಾನುಗಟ್ಟಲೆ ನಿಪ್ಪಾಣಿಯ ವಖಾರದಲ್ಲಿ ಜರಡಿ ಹಿಡಿದವಳು. ಮೂಗು ಬಾಯಿಗೆ ಸೆರಗು ಕಟ್ಟಿದರೂ ಧೂಳು ಒಳಗೇ ಹೋಗುತ್ತಿತ್ತು. ಸಂಜೆ ಅವಳು ಹೊಸ್ತಿಲು ದಾಟಿದರೆ ಮಕ್ಕಳು ಸೀನುತ್ತಿದ್ದರಂತೆ. ಕೆಮ್ಮು ಸಾಯುವತನಕ ಬಿಡಲಿಲ್ಲ. ಆ ಕಷ್ಟದಿಂದ ತಾನು ಬೆಳೆದೆ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಅವಳು ಹೇಳುತ್ತಿದ್ದದ್ದು ವಖಾರದ ಹೆಂಗಸರು ಸಂಘ ಕಟ್ಟಿ ಪಗಾರ ಕೇಳಿದ ಕತೆ. 1981ರಲ್ಲಿ ತಂಬಾಕಿನ ಬೆಲೆಗಾಗಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕೂತದ್ದು, ಗೋಳಿಬಾರಿನಲ್ಲಿ ಸತ್ತದ್ದು. ಕತೆಯುದ್ದಕ್ಕೂ ‘ನಾವು’ ಅಂತಲೇ ಅನ್ನುತ್ತಿದ್ದಳು.

ಹೀಗೆ ಬರೆಯುವ ನಾನೇನು ದೊಡ್ಡವನಲ್ಲ. ಹೋದ ವರ್ಷ ಎಂಟು ತಿಂಗಳು ಫೆಲೋಶಿಪ್ ಬರಲಿಲ್ಲ. ಮೆಸ್ ಬಾಕಿ ಬೆಳೆಯಿತು, ಊರಿಗೆ ಹೋಗುವುದನ್ನು ನಿಲ್ಲಿಸಿದೆ. ಕೇಳಲು ಹೋದರೆ ಮೇಜಿನ ಆಚೆ ಕೂತವರು, ‘ಕಷ್ಟಪಟ್ಟವರೇ ಮುಂದೆ ಬರ್ತಾರ ನೋಡಪಾ’ ಎಂದರು. ರೂಮಿಗೆ ಬಂದು ಇಯರ್‌ಫೋನ್ ಹಾಕಿ ಇದೇ ಹಾಡು ಕೇಳಿದೆ. ಮನಸ್ಸು ಹಗುರಾಯಿತು, ನಿದ್ದೆಯೂ ಬಂತು. ಕಡತ ಮಾತ್ರ ಇದ್ದಲ್ಲೇ ಇತ್ತು. ಹಾಗೆ ಹಗುರಾದದ್ದರ ಮೇಲೆಯೇ ಈಗ ನನಗೆ ಅನುಮಾನ. ಮೇಜಿನ ಆಚೆಯವರಿಗೆ ಬೇಕಾದದ್ದೂ ನನ್ನ ಆ ನಿದ್ದೆಯೇ ತಾನೆ?

ಕೊನೆಗೆ ಹದಿನಾಲ್ಕು ಜನ ಸಹಿ ಹಾಕಿ, ಒಟ್ಟಿಗೇ ಹೋಗಿ ಬಾಗಿಲಲ್ಲಿ ನಿಂತೆವು. ಮೂರನೆಯ ವಾರಕ್ಕೆ ದುಡ್ಡು ಜಮಾ ಆಯಿತು. ಆ ಮನವಿಯಲ್ಲಿ ಆರನೆಯ ಸಹಿ ಪಕ್ಕದ ರೂಮಿನ ಹುಡುಗನದೇ. ಹಾಡನ್ನು ಮಾತ್ರ ಅವನು ಈಗಲೂ ಇಯರ್‌ಫೋನಿನಲ್ಲೇ ಕೇಳುತ್ತಾನೆ.