ಸುರಂಗ ಕೊರೆಯಬಹುದು, ಕೊರೆಯಬಾರದು

ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್‌ಬೋರ್ಡ್‌ವರೆಗೆ ನೆಲದಡಿ ರಸ್ತೆ ಮಾಡಲು ಆಗುತ್ತದೆಯೇ ಎಂದು ಮದುವೆ ಮನೆಯಲ್ಲಿ, ವಾಕಿಂಗ್‌ನಲ್ಲಿ, ಸಿಕ್ಕಸಿಕ್ಕಲ್ಲಿ ಜನ ನನ್ನನ್ನು ಕೇಳುತ್ತಾರೆ. ನಿವೃತ್ತ ಸಿವಿಲ್ ಎಂಜಿನಿಯರ್ ಎಂದು ಗೊತ್ತಾದರೆ ಸಾಕು, ಇದೇ ಪ್ರಶ್ನೆ. ಆಗುತ್ತದೆ ಎಂದೇ ಹೇಳುತ್ತೇನೆ. ದುಡ್ಡು, ಯಂತ್ರ, ಕಾಲ ಮೂರೂ ಒದಗಿದರೆ ಹಿಮಾಲಯವನ್ನೇ ಕೊರೆಯಬಲ್ಲ ದೇಶ ನಮ್ಮದು. ರೋಹ್ತಾಂಗ್‌ನಲ್ಲಿ ಒಂಬತ್ತು ಕಿ.ಮೀ. ಉದ್ದದ ಅಟಲ್ ಸುರಂಗ 2020ರಲ್ಲಿ ಸಂಚಾರಕ್ಕೆ ತೆರೆಯಿತು. ಆದರೆ ಮಾಡಬೇಕೇ ಎಂದು ಕೇಳಿದರೆ, ಬೇಡ. ಯಾವ ಪಕ್ಷದ ಮೇಲಿನ ಸಿಟ್ಟಿನಿಂದಲೂ ಹೀಗೆ ಹೇಳುತ್ತಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲ್ಲರಿಗೂ ಕಲಿಸುವ ಸಾರಿಗೆಯ ಲೆಕ್ಕವನ್ನು ಹಾಕಿ ಹೇಳುತ್ತಿದ್ದೇನೆ.

ಸಿಗ್ನಲ್ ಇಲ್ಲದ, ಅಡೆತಡೆಯಿಲ್ಲದ ರಸ್ತೆಯ ಒಂದು ಲೇನ್‌ನಲ್ಲಿ ಗಂಟೆಗೆ ಹೆಚ್ಚೆಂದರೆ ಎರಡು ಸಾವಿರ ಕಾರು ಹಾಯಬಹುದು. ಒಂದು ದಿಕ್ಕಿಗೆ ಮೂರು ಲೇನ್ ಎಂದರೆ ಆರು ಸಾವಿರ. ನಮ್ಮ ಊರಿನ ಕಾರುಗಳಲ್ಲಿ ಬೆಳಗಿನ ಹೊತ್ತು ಬಹುತೇಕ ಒಬ್ಬರೇ ಕೂತಿರುತ್ತಾರೆ; ಧಾರಾಳವಾಗಿ ಸರಾಸರಿ ಒಂದೂವರೆ ಎಂದು ಹಿಡಿದರೂ ಗಂಟೆಗೆ ಸಾಗುವವರು ಒಂಬತ್ತು ಸಾವಿರ. ಆರು ಬೋಗಿಯ ಮೆಟ್ರೊ ರೈಲೊಂದು ಜನದಟ್ಟಣೆಯ ಹೊತ್ತಿನಲ್ಲಿ ಒಂದೂವರೆ ಸಾವಿರ ಮಂದಿಯನ್ನು ಸಲೀಸಾಗಿ ಹೊರುತ್ತದೆ. ಮೂರು ನಿಮಿಷಕ್ಕೊಂದು ಓಡಿಸಿದರೆ ಗಂಟೆಗೆ ಮೂವತ್ತು ಸಾವಿರ. ಮೂರು ಪಟ್ಟಿಗೂ ಹೆಚ್ಚಿನ ಈ ಅಂತರವನ್ನು ಯಾವ ವಿನ್ಯಾಸವೂ ತುಂಬಿಕೊಡಲಾರದು, ಏಕೆಂದರೆ ಕಾರು ಎಂಬ ವಾಹನವೇ ಜಾಗ ತಿನ್ನುವಂಥದು. ಸರ್ಕಾರ ಯೋಜಿಸಿರುವ ಸುಮಾರು 17 ಕಿ.ಮೀ. ಉದ್ದದ ಜೋಡಿ ಸುರಂಗಕ್ಕೆ ಟೆಂಡರಿನಲ್ಲಿ ಕಂಡ ಅಂದಾಜು ₹17,000 ಕೋಟಿಯನ್ನು ಮೀರಿದೆ. ಅಷ್ಟು ಕೊಟ್ಟು ನಾವು ಕೊಳ್ಳುತ್ತಿರುವುದು ಒಂದು ದಿಕ್ಕಿಗೆ ಗಂಟೆಗೆ ಒಂಬತ್ತು ಸಾವಿರ ಜನರ ಓಡಾಟವನ್ನು.

ಈ ಎರಡು ತುದಿಗಳ ನಡುವೆ ರೈಲೇ ಇಲ್ಲ, ಬರುವುದೂ ಇಲ್ಲ ಎಂದಿದ್ದರೆ ಮಾತು ಬೇರೆ ಇತ್ತು. ಸಿಲ್ಕ್‌ಬೋರ್ಡ್‌ನಿಂದ ಹೊರವರ್ತುಲ ರಸ್ತೆಯಲ್ಲಿ ಕೆ.ಆರ್. ಪುರ, ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಮೆಟ್ರೊದ ನೀಲಿ ಮಾರ್ಗ ಕಟ್ಟಲಾಗುತ್ತಿದೆ. ಅದರ ಮೇಲೆ ಹೆಬ್ಬಾಳದಿಂದ ನಗರದ ಮಧ್ಯಭಾಗ ಹಾಯ್ದು ಸರ್ಜಾಪುರಕ್ಕೆ ಹೋಗುವ ಕೆಂಪು ಮಾರ್ಗಕ್ಕೆ 2024ರ ಡಿಸೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವೇ ಒಪ್ಪಿಗೆ ಕೊಟ್ಟಿದೆ. ಸುಮಾರು 37 ಕಿ.ಮೀ., ₹28,000 ಕೋಟಿಗೂ ಮೇಲೆ. ಹೆಬ್ಬಾಳದಿಂದ ರೇಸ್‌ಕೋರ್ಸ್ ಕಡೆಗೆ ಬರುವವರನ್ನು ಒಂದು ಕೈಯಿಂದ ಮೆಟ್ರೊಗೆ ಕರೆಯುತ್ತ, ಇನ್ನೊಂದು ಕೈಯಿಂದ ಅದೇ ದಾರಿಯಲ್ಲಿ ಕಾರಿಗೆ ಸುರಂಗ ತೋಡಿಕೊಡುವ ಸರ್ಕಾರ ತನ್ನದೇ ಮೆಟ್ರೊ ಆದಾಯಕ್ಕೆ ಕನ್ನ ಹಾಕಿಕೊಳ್ಳುತ್ತಿದೆ. ಸುರಂಗ ರಸ್ತೆಯನ್ನು ಐಐಎಸ್‌ಸಿಯ ಸಾರಿಗೆ ತಜ್ಞ ಪ್ರೊ. ಆಶಿಷ್ ವರ್ಮ ಅವರಂಥವರು ಬಹಿರಂಗವಾಗಿಯೇ ವಿರೋಧಿಸಿದ್ದಾರೆ. ಅವರ ಲೆಕ್ಕ ತಪ್ಪು ಎನ್ನುವವರು ಎದುರು ಲೆಕ್ಕ ಇಡಬೇಕಲ್ಲವೇ? ಆ ಎದುರು ಲೆಕ್ಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು, ಈ ರಸ್ತೆ ಯಾರಿಗೆ? ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳಲ್ಲಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನ. ಅವಕ್ಕೆ ಸುರಂಗದಲ್ಲಿ ಪ್ರವೇಶವಿಲ್ಲ, ಆಟೊಗಳಿಗೂ ಇಲ್ಲ. ಉಳಿದವರು ಟೋಲ್ ಕೊಡಬೇಕು. ಡೆಲಿವರಿ ಹುಡುಗ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು, ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ಬಿಎಂಟಿಸಿ ಕಾಯುತ್ತ ನಿಂತ ನರ್ಸ್, ಇವರ್ಯಾರ ಕಾಲೂ ಆ ಸುರಂಗದೊಳಗೆ ಇಳಿಯುವುದಿಲ್ಲ. ನಗರದ ಇತಿಹಾಸದಲ್ಲೇ ಅತಿ ದುಬಾರಿ ರಸ್ತೆಗಳಲ್ಲೊಂದನ್ನು ನಗರದ ಬಹುಪಾಲು ಜನರನ್ನು ಹೊರಗಿಟ್ಟು ಕಟ್ಟುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ನೆಲದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೇಲಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ. ಬೋರ್‌ಹೋಲ್ ಕೊರೆದಾಗ ಬರುವ ಕಲ್ಲಿನ ತುಂಡುಗಳನ್ನು ಮರದ ಉದ್ದನೆಯ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಯಾವ ಆಳದ್ದು ಎಂದು ಬಣ್ಣದಲ್ಲಿ ಬರೆದಿಡುತ್ತಾರೆ. ಬೆಂಗಳೂರಿನ ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಗೊತ್ತು. ಒಂದರಲ್ಲಿ ನಾಲ್ಕು ಮೀಟರಿಗೇ ಉದ್ದುದ್ದದ ಗಟ್ಟಿ ನೈಸ್ ಶಿಲೆ ಶುರು. ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದ ಇನ್ನೊಂದರಲ್ಲಿ ಹದಿನೈದು ಮೀಟರಿನವರೆಗೂ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಕಲ್ಲು, ನಡುವೆ ಅಲ್ಲಲ್ಲಿ ಗುಂಡು ಬಂಡೆ. ಸುರಂಗ ಯಂತ್ರದ ಮುಖದ ಮೇಲರ್ಧಕ್ಕೆ ಮಣ್ಣು, ಕೆಳಗರ್ಧಕ್ಕೆ ಬಂಡೆ ಸಿಕ್ಕರೆ ಕಟರ್‌ಗಳು ಒಂದೇ ಬದಿ ಸವೆಯುತ್ತವೆ, ಮೇಲಿನ ಮಣ್ಣು ಬೇಕಾದ್ದಕ್ಕಿಂತ ಹೆಚ್ಚು ಒಳಕ್ಕೆ ಸುರಿಯುತ್ತದೆ, ಮೇಲ್ಗಡೆ ರಸ್ತೆಯೋ ಮನೆಯೋ ಕುಸಿಯುತ್ತದೆ. ಮೆಟ್ರೊದ ಮೊದಲ ಹಂತದಲ್ಲಿ ಗೋದಾವರಿ ಎಂಬ ಯಂತ್ರ ಪೇಟೆಯ ಕೆಳಗೆ ತಿಂಗಳುಗಟ್ಟಲೆ ನಿಂತುಬಿಟ್ಟಿತ್ತು. 2023ರ ಜನವರಿಯಲ್ಲಿ ಮೆಟ್ರೊ ಸುರಂಗ ಸಾಗುವ ಹಾದಿಯ ಬ್ರಿಗೇಡ್ ರಸ್ತೆಯಲ್ಲಿ ನೆಲ ಕುಸಿದು ಗುಂಡಿ ಬಿತ್ತು. ಗುಲಾಬಿ ಮಾರ್ಗದ 13.76 ಕಿ.ಮೀ. ನೆಲದಡಿ ಭಾಗಕ್ಕೆ ಒಂಬತ್ತು ಯಂತ್ರಗಳು 2020ರಿಂದ 2024ರ ಅಕ್ಟೋಬರ್‌ವರೆಗೆ ದುಡಿದವು. ಅವೆಲ್ಲ ಆರೂವರೆ ಮೀಟರ್ ಆಸುಪಾಸಿನ ವ್ಯಾಸದವು. ಮೂರು ಲೇನ್ ರಸ್ತೆಗೆ ಅದರ ಎರಡು ಪಟ್ಟು ವ್ಯಾಸದ ಯಂತ್ರ ಬೇಕು. ಎಂದರೆ ತೋಡುವ ನೆಲ ನಾಲ್ಕು ಪಟ್ಟು.

ದೊಡ್ಡ ವ್ಯಾಸದ ಯಂತ್ರ ಕೈಕೊಟ್ಟರೆ ಏನಾಗುತ್ತದೆ ಎಂಬುದು ಅಮೆರಿಕದ ಸಿಯಾಟಲ್ ನಗರಕ್ಕೆ ಗೊತ್ತು. ಅಲ್ಲಿ ಬರ್ತಾ ಎಂಬ ಹದಿನೇಳೂವರೆ ಮೀಟರ್ ವ್ಯಾಸದ ಯಂತ್ರ 2013ರ ಡಿಸೆಂಬರ್‌ನಲ್ಲಿ ನಿಂತಿತು. ಅದನ್ನು ಎತ್ತಿ ರಿಪೇರಿ ಮಾಡಲು ಮೇಲಿನಿಂದ ಪ್ರತ್ಯೇಕ ಬಾವಿಯನ್ನೇ ತೋಡಬೇಕಾಯಿತು. ಮತ್ತೆ ಹೊರಟಿದ್ದು ಎರಡು ವರ್ಷದ ಮೇಲೆ. ಸುರಂಗ ಸಂಚಾರಕ್ಕೆ ತೆರೆದಿದ್ದು 2019ರಲ್ಲಿ. ಅದರ ಉದ್ದ ಸುಮಾರು ಮೂರು ಕಿ.ಮೀ. ಮಾತ್ರ.

ಇಂಥ ನೆಲದಲ್ಲಿ ಕೈಹಾಕುವ ಮುನ್ನ ಬೋರ್‌ಹೋಲ್‌ಗಳಿಗೆ ಖರ್ಚು ಮಾಡುವ ಪ್ರತಿ ರೂಪಾಯಿ ಮುಂದೆ ನೂರು ಉಳಿಸುತ್ತದೆ. ಇಲ್ಲಿ ಆಗಿದ್ದೇನು? ಟೆಂಡರ್ ಕರೆದಾದ ಮೇಲೆ ವಿವರವಾದ ಯೋಜನಾ ವರದಿಯ (ಡಿಪಿಆರ್) ಪರಿಶೀಲನೆಗೆ ತಜ್ಞರ ಸಮಿತಿ ರಚನೆಯಾಯಿತು. ಮಣ್ಣು ಮತ್ತು ಶಿಲೆಯ ಪರೀಕ್ಷೆ ಸಾಲದು ಎಂದು ಆ ಸಮಿತಿಯೇ ಹೇಳಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಬೆಂಗಳೂರಿನ ಡಿಪಿಆರ್‌ನೊಳಗೆ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್ ಹೆಸರುಗಳು ಕಂಡದ್ದು ಪತ್ರಿಕೆಗಳಲ್ಲಿ ಬಂತು, ಸಲಹಾ ಸಂಸ್ಥೆಗೆ ದಂಡವನ್ನೂ ಹಾಕಲಾಯಿತು. ದಂಡ ಕಟ್ಟಿಸಿಕೊಂಡು ಅದೇ ವರದಿಯ ಮೇಲೆ ಸಾವಿರಾರು ಕೋಟಿಯ ಕೆಲಸಕ್ಕೆ ಹೋಗುವುದನ್ನು ನಾನು ಒಪ್ಪಲಾರೆ. ಹಳ್ಳಿಯ ಒಂದು ಸೇತುವೆಯ ಅಂದಾಜುಪಟ್ಟಿಯಲ್ಲಿ ಬೇರೆ ತಾಲ್ಲೂಕಿನ ಹಳ್ಳದ ಹೆಸರಿದ್ದಿದ್ದರೆ ನಮ್ಮ ಕಾಲದ ಕಾರ್ಯನಿರ್ವಾಹಕ ಎಂಜಿನಿಯರ್ ಆ ಕಡತವನ್ನು ಸ್ಥಳದಲ್ಲೇ ವಾಪಸ್ ಕಳಿಸುತ್ತಿದ್ದರು.

ಲಾಲ್‌ಬಾಗ್‌ನ ಜಾಗವನ್ನು ಈ ಯೋಜನೆಗೆ ಬಳಸುವ ಪ್ರಸ್ತಾಪ ಎದ್ದಾಗ ಜನ ಸಿಡಿದೆದ್ದರು. ಅಲ್ಲಿನ ಬಂಡೆ ಮುನ್ನೂರು ಕೋಟಿ ವರ್ಷದಷ್ಟು ಹಳೆಯದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ಆ ಸಿಟ್ಟು ನ್ಯಾಯವಾದದ್ದು. ಆದರೆ ಲಾಲ್‌ಬಾಗ್ ಉಳಿದುಬಿಟ್ಟರೆ ಸುರಂಗ ಸರಿ ಎಂಬಲ್ಲಿಗೆ ಚರ್ಚೆ ನಿಲ್ಲಬಾರದು.

ಇಷ್ಟೆಲ್ಲ ಗೊತ್ತಿರುವ ಎಂಜಿನಿಯರ್‌ಗಳು ಸರ್ಕಾರದೊಳಗೆ ಇಲ್ಲವೇ? ಇದ್ದಾರೆ, ಒಳ್ಳೆಯವರೇ ಇದ್ದಾರೆ. ನಾನು ಸೇವೆಗೆ ಸೇರಿದ ಕಾಲಕ್ಕೆ ಕಡತ ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು. ಜೂನಿಯರ್ ಎಂಜಿನಿಯರ್ ಸ್ಥಳಕ್ಕೆ ಹೋಗಿ ಲೆವೆಲ್ ತೆಗೆದು, ಊರವರನ್ನು ಕೇಳಿ, ಏನು ಬೇಕು ಎಂದು ಬರೆಯುತ್ತಿದ್ದ. ಮೇಲಿನವರು ಕತ್ತರಿಸುತ್ತಲೋ ಸೇರಿಸುತ್ತಲೋ ಹೋಗುತ್ತಿದ್ದರು. ಬರಬರುತ್ತ ಕಡತ ಮೇಲಿನಿಂದ ಇಳಿಯತೊಡಗಿತು. ಯೋಜನೆ ಮೊದಲು ಪತ್ರಿಕಾಗೋಷ್ಠಿಯಲ್ಲಿ ಘೋಷಣೆ, ಆಮೇಲೆ ಅದಕ್ಕೆ ಸಮರ್ಥನೆ ಬರೆದುಕೊಡಿ ಎಂದು ಎಂಜಿನಿಯರ್‌ಗೆ ಸೂಚನೆ. ಒಂದು ಮೇಲ್ಸೇತುವೆಯ ಕಡತದಲ್ಲಿ, ಸೇತುವೆ ಇಳಿಯುವ ಕಡೆ ಈಗಲೇ ವಾಹನಗಳು ನಿಲ್ಲುತ್ತಿವೆ, ಇದರಿಂದ ದಟ್ಟಣೆ ಒಂದು ಸಿಗ್ನಲ್ ಮುಂದಕ್ಕೆ ಹೋಗುತ್ತದೆಯೇ ಹೊರತು ಕರಗುವುದಿಲ್ಲ ಎಂದು ಟಿಪ್ಪಣಿ ಬರೆದಿದ್ದೆ. ‘ಚರ್ಚಿಸಿ’ ಎಂದು ಬರೆದು ಕಡತ ಹಿಂದಿರುಗಿತು. ಚರ್ಚೆ ನಿಂತ ನಿಲುವಿನಲ್ಲೇ ಮುಗಿಯಿತು. ಮರುದಿನ ನನ್ನ ಹಾಳೆ ಇಲ್ಲದೆ ಕಡತ ಮೇಲೆ ಹೋಯಿತು. ಅಂಥ ಹಾಳೆಗಳು ಈ ರಾಜ್ಯದಲ್ಲಿ ಎಷ್ಟು ಕಳೆದುಹೋಗಿವೆಯೋ, ಅವನ್ನು ಬರೆದವರು ಎಷ್ಟು ಜನ ಬರೆಯುವುದನ್ನೇ ನಿಲ್ಲಿಸಿದರೋ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸೆಪ್ಟೆಂಬರ್ 15 ಬಂದರೆ ವಿಶ್ವೇಶ್ವರಯ್ಯನವರ ಪ್ರತಿಮೆಗೆ ಹಾರ ಹಾಕುತ್ತೇವೆ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಕೊಚ್ಚಿಹೋದಾಗ ನಿಜಾಮರ ಸರ್ಕಾರ ಅವರನ್ನು ಕರೆಸಿತು. ಅವರು ಮೊದಲು ನದಿಯ ಮೇಲ್ಭಾಗದ ಜಲಾನಯನ ಪ್ರದೇಶವನ್ನು ಅಳೆದರು, ಪ್ರವಾಹವನ್ನು ನಗರಕ್ಕೆ ಬರುವ ಮುಂಚೆಯೇ ಹಿಡಿದು ನಿಲ್ಲಿಸುವ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದದ್ದು ಹಾಗೆ. ನಮ್ಮ ದಟ್ಟಣೆಯ ಜಲಾನಯನ ಪ್ರದೇಶವನ್ನು ಅಳೆಯುವವರು ಯಾರು? ಅದಕ್ಕೆಂದೇ 2022ರಲ್ಲಿ ವಿಧಾನಮಂಡಲ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ಮಾಡಿತು. ಸಂವಿಧಾನದ 74ನೇ ತಿದ್ದುಪಡಿ ಮಹಾನಗರ ಯೋಜನಾ ಸಮಿತಿ ಇರಬೇಕೆನ್ನುತ್ತದೆ. 2031ರ ನಗರ ಯೋಜನೆಯ ಕರಡನ್ನು ಹಿಂದಕ್ಕೆ ಪಡೆದ ಮೇಲೆ ಊರು 2015ರ ನಕ್ಷೆಯಲ್ಲೇ ಬೆಳೆಯುತ್ತಿದೆ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು; ಐದು ವರ್ಷ ಕಳೆದು, ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳಾದಾಗಲೂ ಚುನಾವಣೆ ನಡೆದಿರಲಿಲ್ಲ. ಬೇಡ ಎನ್ನಬಲ್ಲ ಪಾಲಿಕೆಯ ಕುರ್ಚಿಗಳೆಲ್ಲ ಖಾಲಿ ಇದ್ದ ಹೊತ್ತಿನಲ್ಲಿ ಇಷ್ಟು ದೊಡ್ಡ ತೀರ್ಮಾನಕ್ಕೆ ಕೈಹಾಕಲಾಯಿತು.

ತಂತ್ರಜ್ಞಾನದ ಬಗ್ಗೆ ನನಗೆ ಅನುಮಾನವಿಲ್ಲ. ಚಾಲಕನಿಲ್ಲದೆ ಓಡಬಲ್ಲ ರೈಲು ಮೆಟ್ರೊದ ಹಳದಿ ಮಾರ್ಗಕ್ಕೆ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ₹5,000 ಕೋಟಿ ದಾಟಿದ ಆ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆದಾಗ ಇದ್ದ ರೈಲುಗಳು ಮೂರು, ಓಡುತ್ತಿದ್ದದ್ದು 25 ನಿಮಿಷಕ್ಕೊಂದು. ಕಾಂಕ್ರೀಟ್ ಸಿದ್ಧವಾಗಿ ಬೋಗಿ ಬಾರದೆ ಕಾದ ಊರು ನಮ್ಮದು. ಉಪನಗರ ರೈಲಿನದ್ದು ಇನ್ನೂ ನೋವಿನ ಕತೆ. 148 ಕಿ.ಮೀ., ₹15,767 ಕೋಟಿ, 2020ರಲ್ಲಿ ಕೇಂದ್ರದ ಒಪ್ಪಿಗೆ, 2022ರ ಜೂನ್‌ನಲ್ಲಿ ಪ್ರಧಾನಿಯಿಂದ ಶಂಕುಸ್ಥಾಪನೆ, 40 ತಿಂಗಳ ವಾಗ್ದಾನ. ವಾಯಿದೆ ಮುಗಿಯಿತು, ಒಂದು ರೈಲೂ ಓಡಲಿಲ್ಲ. ಸುರಂಗ ರಸ್ತೆಯ ಅಂದಾಜಿಗಿಂತ ಕಡಿಮೆ ಹಣದಲ್ಲಿ ಅದರ ಎಂಟು ಪಟ್ಟಿಗೂ ಹೆಚ್ಚು ಉದ್ದದ ರೈಲುಜಾಲ! ಈಜಿಪುರದಲ್ಲಿ 2017ರಲ್ಲಿ ಶುರುವಾದ ಎರಡೂವರೆ ಕಿ.ಮೀ. ಮೇಲ್ಸೇತುವೆ ಎಂಟು ವರ್ಷವಾದರೂ ಮುಗಿಯಲಿಲ್ಲ. ಕಂಬ ನೆಟ್ಟು ಮೇಲೆ ಕಟ್ಟುವುದೇ ನಮ್ಮಿಂದ ಹೀಗೆ ಆಗುವಾಗ ನೆಲದಡಿಯ ಕೆಲಸ ಹೇಳಿದ ದಿನಕ್ಕೆ ಮುಗಿಯುತ್ತದೆ ಎಂದು ನಂಬಲು ಆಧಾರವೇನು?

ನೆಲದ ಮೇಲಿನ ರಸ್ತೆಗಳದ್ದೂ ಇದೇ ಕತೆ. ರಸ್ತೆ ಗುಂಡಿಗೂ ಆ್ಯಪ್ ಬಂದಿದೆ, ಕ್ಯಾಮೆರಾ ಬಂದಿದೆ. ಮಳೆ ನಿಂತ ಮೇಲೆ ಒಂದು ರಸ್ತೆಯ ಅಂಚಿಗೆ ಹೋಗಿ ನೋಡಿ. ಡಾಂಬರಿನ ಮೇಲೆ ಡಾಂಬರು ಹಾಕುವಾಗ ಮೋರಿಗೆ ನೀರು ಇಳಿಯುವ ಕಿಂಡಿ ಮುಚ್ಚಿಹೋಗಿರುತ್ತದೆ, ಇಲ್ಲವೇ ಕಿಂಡಿ ರಸ್ತೆಗಿಂತ ಒಂದಂಗುಲ ಎತ್ತರದಲ್ಲಿರುತ್ತದೆ. ನೀರು ಅಲ್ಲೇ ನಿಲ್ಲುತ್ತದೆ. ನಿಂತ ನೀರು ಡಾಂಬರಿಗೂ ಜಲ್ಲಿಗೂ ಇರುವ ಹಿಡಿತವನ್ನು ಬಿಡಿಸುತ್ತದೆ. ಬಸ್ಸಿನ ಚಕ್ರ ಹಾಯ್ದಾಗಲೆಲ್ಲ ಬಿರುಕಿನೊಳಕ್ಕೆ ನುಗ್ಗಿ, ಚಕ್ರ ದಾಟಿದೊಡನೆ ಪುಡಿಯನ್ನು ಹೊತ್ತು ಹೊರಬರುತ್ತದೆ. ನಾಲ್ಕು ಮಳೆಗೆ ಜಲ್ಲಿ ಕಿತ್ತು ಬರುತ್ತದೆ. ಅದನ್ನು ತಡೆಯಲು ಬೇಕಾದದ್ದು ಸ್ಪಿರಿಟ್ ಲೆವೆಲ್ ಹಿಡಿದು ಕಿಂಡಿಯ ಮಟ್ಟ ನೋಡುವ ಒಬ್ಬ ಎಂಜಿನಿಯರ್ ಮತ್ತು ಸರಿಯಾಗುವವರೆಗೆ ಬಿಲ್ ಪಾಸು ಮಾಡುವುದಿಲ್ಲ ಎನ್ನುವ ಅವನ ಅಧಿಕಾರ. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ಟೆಂಡರ್‌ಶ್ಯೂರ್ ಮಾದರಿಯಲ್ಲಿ ಮಾಡಿದಾಗ ಕೇಬಲ್ಲಿಗೆ, ಕೊಳವೆಗೆ, ಮಳೆನೀರಿಗೆ ಬೇರೆ ಬೇರೆ ದಾರಿ ಕೊಟ್ಟು, ಅಗಲವಾದ ಫುಟ್‌ಪಾತ್ ಕಟ್ಟಿದರು. ಇದೇ ಊರಿನವರು, ಇದೇ ಗುತ್ತಿಗೆ ಪದ್ಧತಿಯಲ್ಲಿ ಮಾಡಿದ ಕೆಲಸ ಅದು. ಊರಿನ ಉಳಿದ ಮುಖ್ಯ ರಸ್ತೆಗಳಿಗೂ ಬೇಕಿದ್ದದ್ದು ಅದೇ.

ಖಾಸಗಿಯವರೂ ಹಣ ಹಾಕುತ್ತಾರೆ, ನಿಮಗೇನು ಎನ್ನುವವರಿದ್ದಾರೆ. ಟೋಲ್ ಒಪ್ಪಂದ ದಶಕಗಳವರೆಗೆ ನಡೆಯುತ್ತದೆ. ಟೋಲ್ ಅಂದಾಜಿನಷ್ಟು ಬಾರದಿದ್ದರೆ, ಯಂತ್ರ ನಿಂತರೆ, ಮನೆ ಬಿರುಕು ಬಿಟ್ಟರೆ ನಷ್ಟ ಯಾರದು ಎಂದು ಆ ಕರಾರಿನಲ್ಲಿ ಬರೆದಿರುತ್ತದೆ. ಆ ಪುಟಗಳನ್ನು, ಎಲ್ಲ ಬೋರ್‌ಹೋಲ್‌ಗಳ ವಿವರವನ್ನು, ಸಂಚಾರ ಎಣಿಕೆಯ ಮೂಲ ಹಾಳೆಗಳನ್ನು ಸಹಿಗೆ ಮುಂಚೆ ಕನ್ನಡದಲ್ಲಿ ಜನರ ಮುಂದಿಡಬೇಕು. ಭೂಸಾರಿಗೆ ಪ್ರಾಧಿಕಾರ ಬಹಿರಂಗ ಸಭೆ ಕರೆದು, ಆಕ್ಷೇಪ ಬರೆದ ಸರ್ಕಾರಿ ಎಂಜಿನಿಯರ್‌ಗಳಿಗೂ ಮಾತನಾಡಲು ಅವಕಾಶ ಕೊಡಬೇಕು.

ಇಷ್ಟು ಮುಂದೆ ಹೋದ ಮೇಲೆ ಹಿಂದೆ ಬರಲಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2016ರಲ್ಲಿ ಇದೇ ಹೆಬ್ಬಾಳದ ದಾರಿಗೆ, ಬಸವೇಶ್ವರ ವೃತ್ತದಿಂದ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಿದ್ದರು. 812 ಮರಗಳಿಗೆ ಕೊಡಲಿ ಬೀಳಲಿತ್ತು. ಅಕ್ಟೋಬರ್‌ನ ಒಂದು ಭಾನುವಾರ ಸಾವಿರಾರು ಜನ ‘ಬೇಡ’ ಎಂದು ರಸ್ತೆಯ ಉದ್ದಕ್ಕೂ ಕೈ ಹಿಡಿದು ನಿಂತರು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಆಗ ಅಧಿಕಾರದಲ್ಲಿದ್ದದ್ದೂ ಸುರಂಗದ ಟೆಂಡರ್ ಕರೆದ ಪಕ್ಷವೇ.